ಸ್ಕ್ಯಾನಿಂಗ್ ನಾರ್ಮಲ್, ನೋವು ಮಾತ್ರ ಹಾಗೇ ಇದೆ

ಪ್ರಶ್ನೆ: ನನಗೆ 28 ವರ್ಷ. ಮದುವೆಯಾಗಿ ಎರಡು ವರ್ಷ. ಮೊದಲ ಆರೇಳು ತಿಂಗಳು ದೈಹಿಕ ಸಂಪರ್ಕದಲ್ಲಿ ಹೇಳಿಕೊಳ್ಳುವಂಥ ತೊಂದರೆ ಇರಲಿಲ್ಲ. ಆಮೇಲೆ ಎರಡು ಮೂರು ಸಲ ತುರಿಕೆ, ಬಿಳಿಸೆರಗು ಬಂತು. ಮೆಡಿಕಲ್ ಶಾಪಿನಿಂದ ಫ್ಲುಕೊನಜೋಲ್ ಮಾತ್ರೆ ತಂದು ನುಂಗಿದೆ, ಮುಲಾಮೂ ಹಚ್ಚಿದೆ. ತುರಿಕೆ ಹೋಯಿತು. ಆದರೆ ಅಲ್ಲಿಂದ ಈಚೆಗೆ ಸಂಪರ್ಕದ ಆರಂಭದಲ್ಲೇ ಯೋನಿಯ ಬಾಯಲ್ಲಿ ಸೀಳಿದ ಹಾಗೆ ಉರಿ. ಈಗೀಗ ಅವರು ಹತ್ತಿರ ಬಂದರೆ ಸಾಕು, ಮೈಯೆಲ್ಲ ಬಿಗಿಯಾಗುತ್ತದೆ. ಇದರ ಜೊತೆಗೆ ಒಳಗೆ, ಹೊಟ್ಟೆಯ ತಳದಲ್ಲಿ ಎಡಕ್ಕೆ, ಇನ್ನೊಂದು ನೋವಿದೆ. ಅದು ಮುಟ್ಟಿನ ಹಿಂದಿನ ವಾರ ಹೆಚ್ಚು. ಒಮ್ಮೊಮ್ಮೆ ಮರುದಿನದವರೆಗೂ ಇರುತ್ತದೆ. ಹದಿನೈದನೇ ವಯಸ್ಸಿನಿಂದಲೂ ಮುಟ್ಟಿನ ಮೊದಲೆರಡು ದಿನ ಮಾತ್ರೆ ಇಲ್ಲದೆ ಏಳಲು ಆಗುತ್ತಿರಲಿಲ್ಲ. ಆ ದಿನಗಳಲ್ಲಿ ಮಲವಿಸರ್ಜನೆಗೆ ಕೂತರೂ ನೋವು. ಸ್ಕ್ಯಾನಿಂಗ್ ನಾರ್ಮಲ್ ಬಂದಿದೆ. 'ನಿಮಗೆ ಏನೂ ಇಲ್ಲ, ಮನಸ್ಸಿನಲ್ಲಿ ಭಯ ಅಷ್ಟೆ' ಎಂದು ಡಾಕ್ಟರು ಹೇಳಿದರು. ಮಗು ಆದರೆ ಸರಿಹೋಗುತ್ತದೆ ಎನ್ನುತ್ತಾರೆ ಮನೆಯ ಹಿರಿಯರು. ದಾರಿ ಚಿಕ್ಕದಿರಬೇಕು, ಸಣ್ಣ ಆಪರೇಷನ್ ಮಾಡಿಸಿಕೋ ಎಂದಳು ಗೆಳತಿ. ಮುಂದಿನ ವರ್ಷ ನಮಗೆ ಮಗು ಬೇಕು. ನಾನೀಗ ಏನು ಮಾಡಲಿ?

ಉತ್ತರ: ನಿಮಗೆ ಇರುವುದು ಎರಡು ನೋವು. ಒಂದು ಯೋನಿಯ ಬಾಯಲ್ಲಿ, ಇನ್ನೊಂದು ಆಳದಲ್ಲಿ. ಎರಡರ ಕಾರಣವೂ ಬೇರೆ, ಪರೀಕ್ಷೆಯೂ ಬೇರೆ, ಚಿಕಿತ್ಸೆಯೂ ಬೇರೆ. ಈವರೆಗೆ ಎರಡನ್ನೂ ಒಂದೇ ಗಂಟಿಗೆ ಕಟ್ಟಿ ಒಂದು ಸ್ಕ್ಯಾನಿಂಗ್‌ನಲ್ಲಿ ಉತ್ತರ ಹುಡುಕಿದ್ದಾರೆ. ಸ್ಕ್ಯಾನಿಂಗ್‌ನಲ್ಲಿ ಕಾಣುವುದು ಗರ್ಭಕೋಶದ ಗಾತ್ರ, ಗಡ್ಡೆ, ಅಂಡಾಶಯದ ನೀರುಗುಳ್ಳೆ ಇಂಥವು. ಯೋನಿದ್ವಾರದ ಚರ್ಮದ ಉರಿ ಅದರಲ್ಲಿ ಕಾಣುವುದಿಲ್ಲ. ಬಿಗಿದುಕೊಂಡ ಸ್ನಾಯುವೂ ಮಾಮೂಲಿ ಸ್ಕ್ಯಾನಿಂಗ್‌ನಲ್ಲಿ ಕಾಣುವುದಿಲ್ಲ. ಆಳದ ನೋವಿಗೆ ದೊಡ್ಡ ಕಾರಣವಾದ ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆ ಬೆಳೆಯುವ ಕಾಯಿಲೆ) ಕೂಡ ಎಷ್ಟೋ ಸಲ ತಪ್ಪಿಸಿಕೊಳ್ಳುತ್ತದೆ. ಆದ್ದರಿಂದ ನಿಮ್ಮ ರಿಪೋರ್ಟಿನ ಅರ್ಥ 'ದೊಡ್ಡ ಗಡ್ಡೆ ಏನೂ ಇಲ್ಲ' ಎಂದಷ್ಟೇ. 'ಏನೂ ಇಲ್ಲ' ಎಂದಲ್ಲ.

ಭಯದ ಮಾತಿಗೆ ಬರೋಣ. ಭಯ ಇದೆ, ನಿಜ. ಆದರೆ ಯಾವುದು ಮೊದಲು ಬಂತು ನೋಡಿ. ಆರೇಳು ತಿಂಗಳು ತೊಂದರೆ ಇರಲಿಲ್ಲ, ಆಮೇಲೆ ಉರಿ ಬಂತು, ಮೈ ಬಿಗಿಯಾದದ್ದು ಅದಾದ ಮೇಲೆ. ಕಣ್ಣಿನ ಹತ್ತಿರ ಏನಾದರೂ ಬಂದರೆ ರೆಪ್ಪೆ ತಾನಾಗಿ ಮುಚ್ಚಿಕೊಳ್ಳುವ ಹಾಗೆ, ನೋವು ನಿರೀಕ್ಷಿಸುವ ದೇಹ ಯೋನಿಯ ಸುತ್ತಲಿನ ಸ್ನಾಯುಗಳನ್ನು ಬಿಗಿ ಮಾಡುತ್ತದೆ. ಅದು ನಿಮ್ಮ ಹಿಡಿತದಲ್ಲಿಲ್ಲ. ಬಿಗಿಯಾದ ಸ್ನಾಯುವಿನ ಮೇಲೆ ಒತ್ತಡ ಬಿದ್ದಾಗ ನೋವು ಇನ್ನೂ ಹೆಚ್ಚುತ್ತದೆ, ಮುಂದಿನ ಸಲ ಬಿಗಿ ಇನ್ನಷ್ಟು ಬೇಗ ಬರುತ್ತದೆ. ಹೀಗಿರುವಾಗ 'ರಿಲ್ಯಾಕ್ಸ್ ಆಗಿ' ಎಂದು ಹೇಳಿ ಕಳಿಸಿದರೆ ಪ್ರಯೋಜನವಿಲ್ಲ. ಸಡಿಲಿಸುವುದನ್ನು ಕಲಿಸಬೇಕು, ಉರಿಯ ಮೂಲವನ್ನೂ ಹುಡುಕಬೇಕು.

ಇಲ್ಲಿಂದಲೇ ಮೊದಲ ಸಲಹೆ: ಕಾರಣ ಗೊತ್ತಾಗಿ ಚಿಕಿತ್ಸೆ ಶುರುವಾಗುವವರೆಗೆ ಒಳಸೇರಿಸುವ ಸಂಪರ್ಕ ಬೇಡ. ಹಲ್ಲುಕಚ್ಚಿ ಸಹಿಸುವುದರಿಂದ ಅಭ್ಯಾಸವಾಗಿ ನೋವು ಕಡಿಮೆಯಾಗುವುದಿಲ್ಲ, ಅಭ್ಯಾಸವಾಗುವುದು ಬಿಗಿತ. ಮುಟ್ಟುವುದು, ಅಪ್ಪುವುದು, ಒಳಸೇರಿಸದೆ ಇಬ್ಬರಿಗೂ ಸುಖ ಕೊಡುವ ಬೇರೆ ಬಗೆಗಳು ಯಾವುದನ್ನೂ ಬಿಡಬೇಕಿಲ್ಲ. ಅದನ್ನೂ ಬಿಟ್ಟರೆ, ಯಾವ ಸ್ಪರ್ಶವಾದರೂ ಕೊನೆಗೆ ನೋವಿಗೇ ಹೋಗುತ್ತದೆ ಎಂಬ ಎಣಿಕೆ ಮೈಯಲ್ಲಿ ಗಟ್ಟಿಯಾಗುತ್ತದೆ.

ಕೇಳಿಬಂದ ಮಾತುಗಳು

ದಾರಿ ಚಿಕ್ಕದು ಎಂಬುದಕ್ಕೆ ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ. ಆರೇಳು ತಿಂಗಳು ತೊಂದರೆಯಿಲ್ಲದೆ ಸಂಪರ್ಕ ಆಗಿದೆ ಎಂದರೆ ದಾರಿ ಚಿಕ್ಕದಲ್ಲ. ಯೋನಿ ಹಿಗ್ಗುವ ಅಂಗ. ಕತ್ತರಿಸಲೇಬೇಕಾದ ಹುಟ್ಟುರಚನೆಗಳು ಇಲ್ಲವೆಂದಲ್ಲ: ತೆರವೇ ಇಲ್ಲದ ಕನ್ಯಾಪೊರೆ, ಯೋನಿಯ ನಡುವೆ ಅಡ್ಡವಾಗಿಯೋ ಉದ್ದವಾಗಿಯೋ ಇರುವ ಗೋಡೆ. ಇವು ಅಪರೂಪ. ಮುಟ್ಟಿನ ರಕ್ತ ಹೊರಬಾರದೆ ನಿಂತಾಗಲೋ ಮೊದಲ ಸಂಪರ್ಕವೇ ಆಗದಿದ್ದಾಗಲೋ ಸಾಮಾನ್ಯವಾಗಿ ಗೊತ್ತಾಗುತ್ತವೆ. ಸರಿಯಾಗಿರುವ ದ್ವಾರವನ್ನು 'ಅಗಲ ಮಾಡಲು' ಕತ್ತರಿಸಿದರೆ ಅಲ್ಲೊಂದು ಕಲೆಗಟ್ಟಿದ ಗಾಯ ಉಳಿಯುತ್ತದೆ, ಆ ಗಾಯವೇ ಹೊಸ ನೋವಿಗೆ ಮೂಲವಾಗಬಹುದು. ಆ ಆಪರೇಷನ್‌ಗೆ ಒಪ್ಪಬೇಡಿ.

ಮಗು ಆದರೆ ಸರಿಹೋಗುತ್ತದೆ ಎಂಬ ಮಾತು ಬಹಳ ಹಳೆಯದು, ಕೆಲವು ವೈದ್ಯರ ಬಾಯಲ್ಲೂ ಇದೆ. ಗರ್ಭಿಣಿಯಾಗಿ ಮುಟ್ಟು ನಿಂತಿರುವಾಗ ಎಂಡೊಮೆಟ್ರಿಯೋಸಿಸ್ ಇರುವ ಕೆಲವರಿಗೆ ನೋವು ಕಡಿಮೆಯಾಗುವುದು ಉಂಟು. ಮುಟ್ಟು ಮರಳಿದಾಗ ನೋವೂ ಮರಳಬಹುದು. ಯುರೋಪಿನ ಸಂತಾನೋತ್ಪತ್ತಿ ವೈದ್ಯರ ಸಂಘವು 2022ರ ಮಾರ್ಗಸೂಚಿಯಲ್ಲಿ, ನೋವಿನ ಚಿಕಿತ್ಸೆ ಎಂದು ಗರ್ಭಧಾರಣೆಯ ಸಲಹೆ ಕೊಡಬಾರದು ಎಂದೇ ಹೇಳಿದೆ. ಬಾಯಿಯ ಉರಿಗಂತೂ ಹೆರಿಗೆ ಮದ್ದಲ್ಲ. ಹೆರಿಗೆಯ ಹೊಲಿಗೆ, ಎದೆಹಾಲುಣಿಸುವ ತಿಂಗಳುಗಳ ಒಣಗುವಿಕೆ ಎರಡೂ ಸೇರಿ ಕೆಲವರಿಗೆ ನೋವು ಶುರುವಾಗುವುದೇ ಆಗ. ಮಗು ಬೇಕೆಂದರೆ ಮಾಡಿಕೊಳ್ಳಿ, ಔಷಧಿಯೆಂದು ಬೇಡ.

ಗರ್ಭಕೋಶ ಹಿಂದಕ್ಕೆ ಬಾಗಿದೆ, ಅದಕ್ಕೇ ನೋವು ಎಂದು ಯಾರಾದರೂ ಹೇಳಬಹುದು. ಸುಮಾರು ಐವರಲ್ಲಿ ಒಬ್ಬ ಹೆಣ್ಣಿಗೆ ಗರ್ಭಕೋಶ ಹಿಂದಕ್ಕೆ ಬಾಗಿಯೇ ಇರುತ್ತದೆ, ಅವರಲ್ಲಿ ಹೆಚ್ಚಿನವರಿಗೆ ಯಾವ ತೊಂದರೆಯೂ ಇಲ್ಲ. ಬಾಗಿರುವುದಕ್ಕಿಂತ ಮುಖ್ಯವಾದ ಪ್ರಶ್ನೆ, ಅದು ಸರಾಗವಾಗಿ ಅಲುಗಾಡುತ್ತದೆಯೋ ಇಲ್ಲವೋ ಎಂಬುದು. ಹಿಂದಕ್ಕೆ ಅಂಟಿಕೊಂಡು ಅಲುಗದಿದ್ದರೆ ಏಕೆ ಅಂಟಿದೆ ಎಂದು ನೋಡಬೇಕು.

ಬಾಯಿಯ ಉರಿ

ಒಳತುಟಿಗಳ ನಡುವೆ, ಯೋನಿದ್ವಾರದ ಸುತ್ತ, ತೆಳ್ಳಗಿನ ಗುಲಾಬಿ ಬಣ್ಣದ ಜಾಗವಿದೆ. ಇದಕ್ಕೆ ವೆಸ್ಟಿಬ್ಯೂಲ್ ಎನ್ನುತ್ತಾರೆ. ನರಗಳ ತುದಿಗಳು ಇಲ್ಲಿ ದಟ್ಟವಾಗಿವೆ. ಪದೇಪದೇ ಶಿಲೀಂಧ್ರದ ಸೋಂಕು, ಮುಲಾಮುಗಳ ಕೆರಳಿಕೆ, ಹಾರ್ಮೋನಿನ ಏರುಪೇರು ಇವುಗಳ ನಂತರ ಕೆಲವರಲ್ಲಿ ಆ ನರಗಳು ಅತಿ ಸೂಕ್ಷ್ಮವಾಗಿಬಿಡುತ್ತವೆ. ಸೋಂಕು ಹೋದರೂ ಮುಟ್ಟಿದರೆ ಉರಿ ಉಳಿಯುತ್ತದೆ. ವೆಸ್ಟಿಬುಲೋಡೀನಿಯಾ ಎಂದು ಇದರ ಹೆಸರು. ನೋಡಲು ಜಾಗ ಮಾಮೂಲಾಗಿಯೇ ಇರುತ್ತದೆ, ಹೆಚ್ಚೆಂದರೆ ಸ್ವಲ್ಪ ಕೆಂಪು. ನೋಡಿ ಮಾತ್ರ ಹೇಳುವ ವೈದ್ಯರ ಕೈಯಿಂದ ಇದು ಜಾರಿಹೋಗುವುದು ಅದಕ್ಕೇ. ನಿಮ್ಮ ಕಥೆಗೆ ಇದು ಚೆನ್ನಾಗಿ ಹೊಂದುತ್ತದೆ, ಆದರೆ ಪರೀಕ್ಷಿಸದೆ ತೀರ್ಮಾನ ಮಾಡುವಂತಿಲ್ಲ.

ಏಕೆಂದರೆ ಇದೇ ಉರಿಗೆ ಬೇರೆ ಕಾರಣಗಳೂ ಇವೆ. ಮೊದಲನೆಯದು, ಸೋಂಕು ಪೂರ್ತಿ ಹೋಗದೇ ಇರುವುದು ಅಥವಾ ಅದು ನೀವಂದುಕೊಂಡ ಸೋಂಕೇ ಅಲ್ಲದಿರುವುದು. ತುರಿಕೆ, ಬಿಳಿಸೆರಗು ಎಂದರೆಲ್ಲ ಶಿಲೀಂಧ್ರ ಅಲ್ಲ; ತಾವೇ ಗುರುತಿಸಿ ಮಾತ್ರೆ ನುಂಗಿದವರಲ್ಲಿ ಅನೇಕರಿಗೆ ಅದು ಇರುವುದೇ ಇಲ್ಲ. ಈ ಸೋಂಕು ತರುವ ಕ್ಯಾಂಡಿಡಾ ಶಿಲೀಂಧ್ರದಲ್ಲೂ ಗ್ಲಬ್ರಾಟಾ ಎಂಬ ಜಾತಿ ಫ್ಲುಕೊನಜೋಲ್‌ಗೆ ಸುಲಭವಾಗಿ ಬಗ್ಗುವುದಿಲ್ಲ. ವರ್ಷದೊಳಗೆ ಮೂರು ಅಥವಾ ಹೆಚ್ಚು ಸಲ ಬಂದರೆ ಸ್ವಾಬ್ (ಹತ್ತಿ ಕಡ್ಡಿಯಲ್ಲಿ ಸ್ರಾವದ ಮಾದರಿ) ತೆಗೆದು ಕಲ್ಚರ್ (ರೋಗಾಣು ಬೆಳೆಸಿ ನೋಡುವ ಪರೀಕ್ಷೆ) ಮಾಡಿಸಬೇಕು, ರಕ್ತದ ಸಕ್ಕರೆಯನ್ನೂ ನೋಡಬೇಕು. ನಿಮ್ಮ ವಿಷಯದಲ್ಲಿ ಇನ್ನೊಂದು ಕಾರಣಕ್ಕೂ ಈ ಸ್ವಯಂವೈದ್ಯ ನಿಲ್ಲಬೇಕು: ಗರ್ಭಿಣಿಯಾದಾಗ ಫ್ಲುಕೊನಜೋಲ್ ನುಂಗಬಾರದು. ಮಗುವಿಗೆ ಪ್ರಯತ್ನಿಸುವ ತಿಂಗಳುಗಳಲ್ಲಿ ಗರ್ಭ ನಿಂತಿರುವುದು ಗೊತ್ತಾಗುವ ಮೊದಲೇ ನುಂಗಿಬಿಡುವ ಸಾಧ್ಯತೆ ಇದೆ.

ಎರಡನೆಯದು, ಚರ್ಮದ ಕೆರಳಿಕೆ. ಸುವಾಸನೆಯ ಸೋಪು, 'ಇಂಟಿಮೇಟ್ ವಾಶ್', ಡೆಟಾಲ್ ಬೆರೆಸಿದ ನೀರು, ಪರಿಮಳದ ಪ್ಯಾಡ್, ದಿನವೂ ಹಾಕುವ ಪ್ಯಾಂಟಿ ಲೈನರ್, ಕಾಂಡೋಮಿನ ಲೇಟೆಕ್ಸ್, ಕೊನೆಗೆ ಶಿಲೀಂಧ್ರಕ್ಕೆಂದು ಹಚ್ಚಿದ ಮುಲಾಮಿನಲ್ಲಿರುವ ಸಂರಕ್ಷಕಗಳು ಕೂಡ. ಎಲ್ಲವನ್ನೂ ಒಂದೇ ದಿನ ನಿಲ್ಲಿಸಿ. ಹೊರಭಾಗವನ್ನು ಬರೀ ನೀರಿನಿಂದ ತೊಳೆಯಿರಿ, ಯೋನಿಯ ಒಳಗೆ ಏನನ್ನೂ ಹಾಕಿ ತೊಳೆಯಬೇಡಿ, ಹತ್ತಿಯ ಸಡಿಲ ಒಳಉಡುಪು ತೊಡಿ, ಉರಿ ಇದ್ದಾಗ ಬಿಳಿ ಪೆಟ್ರೋಲಿಯಂ ಜೆಲ್ಲಿ ತೆಳುವಾಗಿ ಹಚ್ಚಿ. ನಾಲ್ಕು ವಾರ ಹೀಗೆ ಮಾಡುವುದೇ ಒಂದು ಪರೀಕ್ಷೆ. ಅದರಲ್ಲೇ ಅರ್ಧ ಉರಿ ಇಳಿದರೆ ಮೂಲ ಎಲ್ಲಿದೆ ಎಂಬುದು ತಿಳಿಯಿತು. ಆದರೆ ಪೆಟ್ರೋಲಿಯಂ ಜೆಲ್ಲಿ, ಎಣ್ಣೆ ಇರುವಾಗ ಲೇಟೆಕ್ಸ್ ಕಾಂಡೋಮ್ ಹರಿಯುತ್ತದೆ, ಎರಡನ್ನೂ ಒಟ್ಟಿಗೆ ಬಳಸಬೇಡಿ.

ಮೂರನೆಯದು ಚರ್ಮದ ಕಾಯಿಲೆ. ತುರಿಕೆ ರಾತ್ರಿ ಹೆಚ್ಚಿದ್ದು, ತುಟಿಗಳ ಮೇಲೆ ಬಿಳಿಯ ಸುಕ್ಕು ಚರ್ಮ ಕಂಡರೆ ಲೈಕೆನ್ ಸ್ಕ್ಲೆರೋಸಸ್ ಇರಬಹುದು. ಇದಕ್ಕೆ ಶಿಲೀಂಧ್ರದ ಮುಲಾಮು ಎಷ್ಟು ಹಚ್ಚಿದರೂ ಉಪಯೋಗವಿಲ್ಲ. ಕ್ಲೊಬೆಟಸಾಲ್ 0.05% ಎಂಬ ಬಲವಾದ ಸ್ಟಿರಾಯ್ಡ್ ಮುಲಾಮು ಬೇಕು: ಮೊದಲ ತಿಂಗಳು ದಿನಕ್ಕೊಮ್ಮೆ, ಎರಡನೇ ತಿಂಗಳು ದಿನ ಬಿಟ್ಟು ದಿನ, ಮೂರನೇ ತಿಂಗಳು ವಾರಕ್ಕೆರಡು ಸಲ ಎಂಬುದು ಸಾಮಾನ್ಯ ಕ್ರಮ. ಇದನ್ನು ಚಿಕಿತ್ಸೆಯಿಲ್ಲದೆ ಬಿಟ್ಟರೆ ತುಟಿಗಳು ಕರಗಿ ದ್ವಾರ ಕಿರಿದಾಗುತ್ತದೆ, ಸಣ್ಣ ಪ್ರಮಾಣದಲ್ಲಿ ಕ್ಯಾನ್ಸರ್ ಅಪಾಯವೂ ಇದೆ. ಬೇರೆ ಕಾಯಿಲೆಗೆ ಇದೇ ಸ್ಟಿರಾಯ್ಡ್ ಹಚ್ಚಿದರೆ ಹಾನಿ, ಆದ್ದರಿಂದ ವೈದ್ಯರು ನೋಡಿ ಬರೆದ ಮೇಲಷ್ಟೇ.

ಹರ್ಪಿಸ್ ಹುಣ್ಣು, ಟ್ರೈಕೊಮೊನಾಸ್ ಸೋಂಕು, ದ್ವಾರದ ಪಕ್ಕದ ಬಾರ್ಥೊಲಿನ್ ಗ್ರಂಥಿಯ ಬಾವು ಕೂಡ ಪಟ್ಟಿಯಲ್ಲಿವೆ. ಪರೀಕ್ಷೆಯಲ್ಲಿ ಇವು ಬೇಗ ಗೊತ್ತಾಗುತ್ತವೆ. ಗರ್ಭನಿರೋಧಕ ಮಾತ್ರೆ ನುಂಗುವ ಕೆಲವರಲ್ಲಿ ವೆಸ್ಟಿಬ್ಯೂಲಿಗೆ ಬೇಕಾದ ಹಾರ್ಮೋನು ಕಡಿಮೆಯಾಗಿ ಉರಿ ಶುರುವಾಗುವುದುಂಟು. ನೀವು ಅದನ್ನು ನುಂಗುತ್ತಿದ್ದರೆ ಯಾವಾಗ ಶುರು ಮಾಡಿದಿರಿ, ಉರಿ ಯಾವಾಗ ಬಂತು ಎಂದು ತಾಳೆ ಹಾಕಿ ವೈದ್ಯರಿಗೆ ಹೇಳಿ.

ಸರಿಯಾದ ಪರೀಕ್ಷೆ ಹೇಗಿರುತ್ತದೆ

ಇದು ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ, ಏಕೆಂದರೆ ಅವಸರದ ಪರೀಕ್ಷೆಯಲ್ಲಿ ಏನೂ ಸಿಗುವುದಿಲ್ಲ. ಹೋಗುವ ಮುಂಚೆ ಇಷ್ಟನ್ನು ಬರೆದುಕೊಳ್ಳಿ: ಎಲ್ಲಿ ನೋವು (ಬಾಯಲ್ಲೇ, ನಡುವೆ, ಆಳದಲ್ಲಿ), ಎಂಥದ್ದು (ಉರಿ, ಸೀಳು, ಹಿಡಿತ, ಒತ್ತು), ಯಾವಾಗ ಶುರುವಾಗಿ ಎಷ್ಟು ಹೊತ್ತು ಇರುತ್ತದೆ, ಮುಟ್ಟಿನ ಯಾವ ದಿನ ಹೆಚ್ಚು, ಟ್ಯಾಂಪೂನ್, ಬೆರಳು ಅಥವಾ ಬಿಗಿ ಬಟ್ಟೆಗೂ ನೋವಾಗುತ್ತದೆಯೇ, ಮೂತ್ರ, ಮಲ ವಿಸರ್ಜನೆಯಲ್ಲಿ ಏನು ವ್ಯತ್ಯಾಸ. ಈವರೆಗೆ ಬಳಸಿದ ಮಾತ್ರೆ, ಮುಲಾಮುಗಳ ಹೆಸರೂ ಇರಲಿ. ಪರೀಕ್ಷೆಗೆ ಒಂದು ವಾರ ಮೊದಲಿಂದ ಒಳಗೆ ಯಾವ ಮುಲಾಮೂ ಬೇಡ, ಹಚ್ಚಿದ್ದರೆ ಸ್ವಾಬ್ ತಪ್ಪು ಹೇಳುತ್ತದೆ.

ಪರೀಕ್ಷೆ ಹೊರಗಿನಿಂದ ಒಳಗೆ ಹೋಗಬೇಕು. ಮೊದಲು ಒಳ್ಳೆಯ ಬೆಳಕಿನಲ್ಲಿ ಚರ್ಮ ನೋಡುವುದು. ಆಮೇಲೆ ಒದ್ದೆ ಮಾಡಿದ ಹತ್ತಿ ಕಡ್ಡಿಯಿಂದ ತೊಡೆಯಿಂದ ಶುರುಮಾಡಿ, ವೆಸ್ಟಿಬ್ಯೂಲಿನ ಸುತ್ತ ಗಡಿಯಾರದ ಅಂಕಿಗಳಂತೆ ಒಂದೊಂದು ಜಾಗವನ್ನೂ ಮೆಲ್ಲಗೆ ಮುಟ್ಟಿ, ಸೊನ್ನೆಯಿಂದ ಹತ್ತರೊಳಗೆ ಎಷ್ಟು ನೋವು ಎಂದು ಕೇಳುವುದು. ವೆಸ್ಟಿಬುಲೋಡೀನಿಯಾ ಪತ್ತೆಯಾಗುವುದು ಈ ಸಣ್ಣ ಕಡ್ಡಿಯಿಂದಲೇ. ಇದಕ್ಕಿಂತ ಒಳ್ಳೆಯ ಯಂತ್ರವಿಲ್ಲ. ಐದು, ಆರು, ಏಳರ ಜಾಗದಲ್ಲಿ ಮಾತ್ರ ನೋವಿದ್ದರೆ ಕೆಳಗಿನ ಸ್ನಾಯುವಿನ ಬಿಗಿತ ಕಾರಣವಿರಬಹುದು. ಸುತ್ತಲೂ ನೋವಿದ್ದರೆ ಹಾರ್ಮೋನು, ನರ ಅಥವಾ ಉರಿಯೂತದ ಕಡೆ ಯೋಚನೆ ಹೋಗುತ್ತದೆ.

ನಂತರ ಲೂಬ್ರಿಕೆಂಟ್ ಹಚ್ಚಿದ ಒಂದೇ ಬೆರಳು. ಯೋನಿಯ ಎರಡೂ ಪಕ್ಕದ ಸ್ನಾಯುಗಳನ್ನು ಒತ್ತಿ ನೋಡಿ, 'ನಿಮಗೆ ಆಗುವ ನೋವು ಇದೇನಾ?' ಎಂದು ಕೇಳಬೇಕು. ಉತ್ತರ 'ಹೌದು, ಇದೇ' ಎಂದಾದರೆ ದೊಡ್ಡ ಸುಳಿವು ಸಿಕ್ಕಿತು. ಮೂತ್ರಕೋಶದ ಕಡೆಗೆ, ಗರ್ಭಕಂಠದ ಹಿಂದಿನ ಮೂಲೆಗೆ ಒತ್ತುವುದು ಆಮೇಲೆ. ಆ ಹಿಂದಿನ ಮೂಲೆಯಲ್ಲಿ ಗಂಟು, ಚುಚ್ಚುವ ನೋವು ಇದ್ದರೆ ಎಂಡೊಮೆಟ್ರಿಯೋಸಿಸ್ ಅನುಮಾನ ಗಟ್ಟಿಯಾಗುತ್ತದೆ. ಸ್ಪೆಕ್ಯುಲಮ್ (ಯೋನಿಯನ್ನು ತೆರೆದು ನೋಡುವ ಉಪಕರಣ) ಬೇಕಿದ್ದರೆ ಚಿಕ್ಕದು, ಬೆಚ್ಚಗಿನದು, ಕಡೆಯಲ್ಲಿ. ಮೊದಲ ಭೇಟಿಯಲ್ಲಿ ಅದು ಆಗಲೇಬೇಕೆಂದೇನಿಲ್ಲ. ಯೋನಿಯ ಪಿಎಚ್ (ಆಮ್ಲೀಯತೆಯ ಅಳತೆ) ನೋಡುವ ಪಟ್ಟಿ ಒಂದು ನಿಮಿಷದ ಕೆಲಸ: ನಿಮ್ಮ ವಯಸ್ಸಿನಲ್ಲಿ 3.8ರಿಂದ 4.5 ಇದ್ದರೆ ಸಹಜ.

ಮಹಿಳಾ ಸಹಾಯಕಿ ಕೋಣೆಯಲ್ಲಿರಲಿ ಎಂದು ಕೇಳಬಹುದು. 'ನಿಲ್ಲಿಸಿ' ಎಂದರೆ ನಿಲ್ಲಿಸಬೇಕು ಎಂದು ಮೊದಲೇ ಹೇಳಿಬಿಡಿ. ಹಿಂದೆ ಯಾರಿಂದಲಾದರೂ ಬಲವಂತ, ದೌರ್ಜನ್ಯ ಆಗಿದ್ದರೆ, ಈಗಲೂ ಆಗುತ್ತಿದ್ದರೆ, ಗಂಡನನ್ನು ಹೊರಗೆ ಕೂರಿಸಿ ಒಬ್ಬರೇ ಮಾತಾಡಿ. ಒಳ್ಳೆಯ ವೈದ್ಯರು ಆ ಅವಕಾಶವನ್ನು ತಾವಾಗಿಯೇ ಮಾಡಿಕೊಡುತ್ತಾರೆ.

ಆಳದ ನೋವು

ಹದಿನೈದರಿಂದ ಮಾತ್ರೆ ಬೇಡುವ ಮುಟ್ಟು, ಆ ದಿನಗಳಲ್ಲಿ ಮಲವಿಸರ್ಜನೆಗೆ ನೋವು, ಸಂಪರ್ಕದಲ್ಲಿ ಆಳದ ನೋವು. ಈ ಮೂರೂ ಸೇರಿದರೆ ಮೊದಲು ನೆನಪಿಗೆ ಬರಬೇಕಾದದ್ದು ಎಂಡೊಮೆಟ್ರಿಯೋಸಿಸ್. ಗರ್ಭಕೋಶದ ಒಳಪದರದಂಥ ಅಂಗಾಂಶ ಗರ್ಭಕೋಶದ ಹೊರಗೆ ಬೆಳೆದು, ಉರಿಯೂತ ಉಂಟುಮಾಡಿ, ಅಂಗಗಳನ್ನು ಒಂದಕ್ಕೊಂದು ಅಂಟಿಸುವ ಕಾಯಿಲೆ ಇದು. ಮಗುವನ್ನು ಹೆರುವ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಸುಮಾರು 10% ಮಂದಿಗೆ ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 'ಮುಟ್ಟು ಅಂದಮೇಲೆ ನೋವು ಇದ್ದದ್ದೇ' ಎಂದು ಸುಮ್ಮನಿರುವುದರಿಂದ ಪತ್ತೆಯಾಗಲು ವರ್ಷಗಳೇ ಹಿಡಿಯುತ್ತವೆ.

ಅಂಡಾಶಯದ ಚಾಕೊಲೇಟ್ ಸಿಸ್ಟ್ (ಹಳೆಯ ರಕ್ತ ತುಂಬಿದ ಗುಳ್ಳೆ) ಆಗಿದ್ದರೆ ಮಾಮೂಲಿ ಸ್ಕ್ಯಾನಿಂಗ್‌ನಲ್ಲಿ ಕಾಣುತ್ತದೆ. ಗರ್ಭಕೋಶದ ಹಿಂದೆ, ಕರುಳಿನ ಮೇಲೆ ಆಳವಾಗಿ ಬೆಳೆದ ಗಂಟುಗಳನ್ನು ನೋಡಲು ಇದರಲ್ಲಿ ನುರಿತವರು ಮಾಡುವ ಯೋನಿಮಾರ್ಗದ ಸ್ಕ್ಯಾನಿಂಗ್ ಅಥವಾ ಎಂಆರ್‌ಐ ಬೇಕು. ಮೇಲ್ಪದರದಲ್ಲಿ ಚುಕ್ಕೆಚುಕ್ಕೆಯಾಗಿ ಹರಡಿದ್ದು ಅವೆರಡರಲ್ಲೂ ಕಾಣದಿರಬಹುದು. ಬಾಯಿಯ ಉರಿ ಇರುವಾಗ ಯೋನಿಮಾರ್ಗದ ಸ್ಕ್ಯಾನಿಂಗ್ ಕಷ್ಟವಾದರೆ ಹಾಗೆಂದು ಹೇಳಿ. ಅದನ್ನು ಮುಂದೂಡಬಹುದು, ಎಂಆರ್‌ಐ ಮಾಡಿಸಬಹುದು. ಸಿಎ-125 ರಕ್ತಪರೀಕ್ಷೆಯಿಂದ ಎಂಡೊಮೆಟ್ರಿಯೋಸಿಸ್ ತೀರ್ಮಾನವಾಗುವುದಿಲ್ಲ, ಅದಕ್ಕೆ ದುಡ್ಡು ಹಾಕಬೇಡಿ. ಹಿಂದೆ ಲ್ಯಾಪರೋಸ್ಕೋಪಿ (ಸಣ್ಣ ರಂಧ್ರದಿಂದ ಹೊಟ್ಟೆಯೊಳಗೆ ಕ್ಯಾಮೆರಾ ಬಿಟ್ಟು ನೋಡುವುದು) ಮಾಡಿ ಕಣ್ಣಾರೆ ಕಂಡರೆ ಮಾತ್ರ ಕಾಯಿಲೆ ಎನ್ನುತ್ತಿದ್ದರು. ಈಗ ಲಕ್ಷಣ ಹೊಂದಿದರೆ ಅದಿಲ್ಲದೆಯೂ ಚಿಕಿತ್ಸೆ ಶುರುಮಾಡುವುದು ಒಪ್ಪಿತ ಕ್ರಮ.

ಆಳದ ನೋವಿಗೆ ಇನ್ನೂ ಕಾರಣಗಳಿವೆ. ಶ್ರೋಣಿಯ, ಅಂದರೆ ಗರ್ಭಕೋಶ, ಗರ್ಭನಾಳಗಳ ಸೋಂಕು (ಜ್ವರ, ವಾಸನೆಯ ಸ್ರಾವ ಇರಬಹುದು, ಇಲ್ಲದೆಯೂ ಇರಬಹುದು), ಅಂಡಾಶಯದ ಸಿಸ್ಟ್, ಗರ್ಭಕೋಶದ ಗೋಡೆಯೊಳಗೇ ಪದರ ಬೆಳೆಯುವ ಅಡಿನೊಮಯೋಸಿಸ್, ಮೂತ್ರಕೋಶದ ನೋವು, ಕರುಳಿನ ಕೆರಳಿಕೆ, ಮಲಬದ್ಧತೆ. ಲೈಂಗಿಕ ಸಂಪರ್ಕದಿಂದ ಹರಡುವ ಕ್ಲಮೈಡಿಯಾ, ಗೊನೊರಿಯಾ ಸೋಂಕುಗಳ ಪರೀಕ್ಷೆಯನ್ನು ಸ್ವಾಬ್ ಜೊತೆಗೇ ಮಾಡಿಸಿಬಿಡಿ. ಯಾರ ಮೇಲೂ ಅನುಮಾನದ ಮಾತಲ್ಲ, ಇವು ಲಕ್ಷಣವಿಲ್ಲದೆ ಇರುತ್ತವೆ, ಗರ್ಭನಾಳವನ್ನು ಕೆಡಿಸುತ್ತವೆ. ಇನ್ನು ಕೆಲವರಲ್ಲಿ ಕಾಯಿಲೆಯೇ ಇಲ್ಲ: ಉದ್ರೇಕ ಸಾಲದಾಗಿರುತ್ತದೆ. ಉದ್ರೇಕಗೊಂಡಾಗ ಯೋನಿ ಉದ್ದವಾಗಿ ಗರ್ಭಕಂಠ ಮೇಲಕ್ಕೆ ಸರಿಯುತ್ತದೆ. ಅವಸರದಲ್ಲಿ ಹೀಗಾಗದೆ ಗರ್ಭಕಂಠಕ್ಕೆ ನೇರ ಪೆಟ್ಟು ಬೀಳುತ್ತದೆ. ಆದರೆ ಬರೀ ಅದರಿಂದ ಆಗುವ ನೋವು ಮುಟ್ಟಿನ ತಾರೀಖು ನೋಡಿಕೊಂಡು ಬರುವುದಿಲ್ಲ.

ಚಿಕಿತ್ಸೆಯ ದಾರಿಗಳು

ಬಾಯಿಯ ಉರಿಗೂ ಬಿಗಿತಕ್ಕೂ ನನ್ನ ಮೊದಲ ಆಯ್ಕೆ ಪೆಲ್ವಿಕ್ ಫ್ಲೋರ್ (ಯೋನಿ, ಮಲದ್ವಾರದ ಸುತ್ತಲಿನ ಸ್ನಾಯುಗಳ) ಫಿಸಿಯೋಥೆರಪಿ. ಇಲ್ಲೊಂದು ಎಚ್ಚರಿಕೆ: ಇಂಟರ್‌ನೆಟ್ಟಿನಲ್ಲಿ ಎಲ್ಲದಕ್ಕೂ ಹೇಳುವ ಕೆಗೆಲ್ ವ್ಯಾಯಾಮ ನಿಮಗೆ ಈಗ ಬೇಡ. ಅದು ಸ್ನಾಯುವನ್ನು ಬಿಗಿ ಮಾಡುವುದು, ನಿಮಗೆ ಬೇಕಿರುವುದು ಸಡಿಲಿಸುವುದು. ಬೆನ್ನ ಮೇಲೆ ಮಲಗಿ, ಮಂಡಿ ಮಡಚಿ, ಒಂದು ಕೈ ಹೊಟ್ಟೆಯ ಮೇಲಿಟ್ಟು, ಮೂಗಿನಿಂದ ನಿಧಾನವಾಗಿ ಉಸಿರೆಳೆಯಿರಿ, ಹೊಟ್ಟೆ ಉಬ್ಬಬೇಕು. ಉಬ್ಬುವಾಗ ಮಲದ್ವಾರ, ಯೋನಿಯ ಸುತ್ತಲಿನ ಜಾಗ ಕೆಳಕ್ಕೆ ಸಡಿಲವಾಗುವುದು ಗಮನಕ್ಕೆ ಬರುತ್ತದೆ. ತಿಣುಕಬೇಡಿ. ದಿನಕ್ಕೆರಡು ಸಲ ಐದೈದು ನಿಮಿಷ ಸಾಕು.

ಇದು ಕೈವಶವಾದ ಮೇಲೆ ಡೈಲೇಟರ್. ಕಿರುಬೆರಳಿನಷ್ಟು ದಪ್ಪದಿಂದ ಹಿಡಿದು ಹಂತಹಂತವಾಗಿ ದೊಡ್ಡದಾಗುವ, ನುಣುಪಾದ ಕೊಳವೆಗಳ ಸೆಟ್ ಇದು. ಚಿಕ್ಕದಕ್ಕೆ ಧಾರಾಳ ಲೂಬ್ರಿಕೆಂಟ್ ಹಚ್ಚಿ, ಉಸಿರೆಳೆದು ಸಡಿಲವಾದ ಕ್ಷಣದಲ್ಲಿ ಮೆಲ್ಲಗೆ ಒಳಬಿಟ್ಟು, ಹತ್ತು ನಿಮಿಷ ಹಾಗೇ ಇರಿಸಿ. ವಾರಕ್ಕೆ ನಾಲ್ಕೈದು ದಿನ. ನೋವು ಹತ್ತಕ್ಕೆ ಮೂರು ದಾಟಿದರೆ ನಿಲ್ಲಿಸಿ, ಹಿಂದಿನ ಅಳತೆಗೆ ಇಳಿಯಿರಿ. ಆ ಅಳತೆ ಆರಾಮವಾಗಿ ಹೋಗುವ ಹಾಗಾದ ಮೇಲಷ್ಟೇ ಮುಂದಿನದು. ಕೆಡುವುದು ಸಾಮಾನ್ಯವಾಗಿ ಅವಸರದಿಂದ: ಗಾತ್ರ ಏರಿಸುವುದನ್ನೇ ಗುರಿ ಮಾಡಿಕೊಂಡು ನೋವು ಸಹಿಸುವುದು. ಆಗ ಡೈಲೇಟರ್ ಕೂಡ ಬಿಗಿತವನ್ನೇ ಕಲಿಸುತ್ತದೆ. ತಿಂಗಳುಗಟ್ಟಲೆ ಹಿಡಿಯುವ ಕೆಲಸ ಎಂದು ಮೊದಲೇ ಒಪ್ಪಿಕೊಳ್ಳಿ. ಚರ್ಮದ ಉರಿ ತೀವ್ರವಾಗಿರುವಾಗ ಡೈಲೇಟರ್ ಬೇಡ, ಮೊದಲು ಉರಿ ಇಳಿಯಲಿ.

ಉರಿಗೆ ಲಿಗ್ನೊಕೇನ್ 5% ಮುಲಾಮನ್ನು ವೆಸ್ಟಿಬ್ಯೂಲಿಗೆ ತೆಳುವಾಗಿ ಹಚ್ಚಿ ಹದಿನೈದಿಪ್ಪತ್ತು ನಿಮಿಷ ಬಿಟ್ಟು ಒರೆಸಿದರೆ ಮರಗಟ್ಟುತ್ತದೆ. ಡೈಲೇಟರ್‌ಗೆ ಅಥವಾ ಮುಂದೆ ಸಂಪರ್ಕಕ್ಕೆ ಅನುಕೂಲ. ಮೊದಲ ನಿಮಿಷ ಚುರ್ರೆನ್ನುವುದು ಸಹಜ. ಒರೆಸದಿದ್ದರೆ ಗಂಡನಿಗೂ ಮರಗಟ್ಟುತ್ತದೆ. ಆಳದ ನೋವನ್ನು ಇದು ತಡೆಯುವುದಿಲ್ಲ. ಮೂಲ ಸರಿಪಡಿಸದೆ ಬರೀ ಮರಗಟ್ಟಿಸಿ ಸಂಪರ್ಕ ಮುಂದುವರಿಸಲು ಬಳಸಿದರೆ ಗಾಯವಾದದ್ದೇ ಗೊತ್ತಾಗದಿರಬಹುದು. ನರದ ಸೂಕ್ಷ್ಮತೆಗೆ ಅಮಿಟ್ರಿಪ್ಟಿಲಿನ್‌ನಂಥ ಮಾತ್ರೆಯನ್ನು ಸಣ್ಣ ಪ್ರಮಾಣದಲ್ಲಿ ರಾತ್ರಿ ಕೊಡುವ ರೂಢಿಯಿದೆ. ಆಧಾರ ಅಷ್ಟು ಬಲವಾಗಿಲ್ಲ, ನಾಲಿಗೆ ಒಣಗುವುದು, ತೂಕಡಿಕೆ, ಮಲಬದ್ಧತೆ ಬರುತ್ತವೆ. ಮಗುವಿನ ಯೋಚನೆ ಇರುವ ನಿಮಗೆ ನಾನು ಅದರಿಂದ ಶುರುಮಾಡುವುದಿಲ್ಲ. ನೋವನ್ನು ನಿಭಾಯಿಸಲು ತರಬೇತಿ ಇರುವ ಮನಶ್ಶಾಸ್ತ್ರಜ್ಞರ ಜೊತೆ ಸಮಾಲೋಚನೆ ಫಿಸಿಯೋಥೆರಪಿಯ ಜೊತೆಗೇ ನಡೆದರೆ ಒಳ್ಳೆಯದು. ಅದರರ್ಥ ನೋವು ಸುಳ್ಳು ಎಂದಲ್ಲ. ವೆಸ್ಟಿಬ್ಯೂಲಿನ ನೋಯುವ ಚರ್ಮವನ್ನೇ ಕತ್ತರಿಸಿ ತೆಗೆಯುವ ಶಸ್ತ್ರಚಿಕಿತ್ಸೆಯೂ ಉಂಟು. ಉಳಿದೆಲ್ಲ ಮಾಡಿ ಸೋತ ಮೇಲೆ, ಆಯ್ದ ಕೆಲವರಿಗೆ ಮಾತ್ರ.

ಆಳದ ನೋವಿಗೆ ಎಂಡೊಮೆಟ್ರಿಯೋಸಿಸ್ ಕಾರಣವಾದರೆ ಎರಡು ದಾರಿ, ಮತ್ತು ನಿಮ್ಮ ಕ್ಯಾಲೆಂಡರ್ ಇಲ್ಲಿ ಮುಖ್ಯ. ಡೈನೊಜೆಸ್ಟ್ ಎಂಬ ಹಾರ್ಮೋನು ಮಾತ್ರೆ 2 ಮಿಲಿಗ್ರಾಂ ದಿನಕ್ಕೊಂದು, ಬಿಡುವಿಲ್ಲದೆ ನುಂಗುವ ಗರ್ಭನಿರೋಧಕ ಮಾತ್ರೆ, ಹಾರ್ಮೋನು ಇರುವ ಗರ್ಭಕೋಶದ ಸಾಧನ ಇವೆಲ್ಲ ನೋವನ್ನು ಚೆನ್ನಾಗಿ ಇಳಿಸುತ್ತವೆ. ಆದರೆ ಇವುಗಳನ್ನು ಬಳಸುವಾಗ ಮಗುವಿಗೆ ಪ್ರಯತ್ನಿಸುವಂತಿಲ್ಲ. ನಿಲ್ಲಿಸಿದ ಮೇಲೆ ಗರ್ಭ ನಿಲ್ಲುವ ಸಾಧ್ಯತೆಯನ್ನು ಇವು ಹೆಚ್ಚಿಸುವುದೂ ಇಲ್ಲ. ಮುಂದಿನ ವರ್ಷದವರೆಗೆ ಸಮಯವಿರುವುದರಿಂದ ಈಗ ಕೆಲವು ತಿಂಗಳು ಡೈನೊಜೆಸ್ಟ್ ತೆಗೆದುಕೊಂಡು, ಆ ಬಿಡುವಿನಲ್ಲಿ ಬಾಯಿಯ ಉರಿ ಮತ್ತು ಬಿಗಿತಕ್ಕೆ ಫಿಸಿಯೋಥೆರಪಿ ಮುಗಿಸಿ, ನಂತರ ಪ್ರಯತ್ನಿಸುವುದು ಸಮಂಜಸ. ಅಲ್ಲಲ್ಲಿ ರಕ್ತ ಕಾಣಿಸುವುದು, ಮನಸ್ಸು ಕುಗ್ಗುವುದು, ಕೆಲವರಿಗೆ ಯೋನಿ ಒಣಗುವುದು ಇದರ ತೊಂದರೆಗಳು. ಡೈನೊಜೆಸ್ಟ್ ಒಂದನ್ನೇ ಗರ್ಭನಿರೋಧಕವೆಂದು ನಂಬಬೇಡಿ.

ಲ್ಯಾಪರೋಸ್ಕೋಪಿಯಲ್ಲಿ ಗಂಟುಗಳನ್ನು ತೆಗೆಯುವುದು ಎರಡನೇ ದಾರಿ. ಆಳದ ನೋವು ಅನೇಕರಿಗೆ ಕಡಿಮೆಯಾಗುತ್ತದೆ. ಕಾಯಿಲೆ ಮರಳಬಹುದು, ಕರುಳು, ಮೂತ್ರನಾಳಕ್ಕೆ ಪೆಟ್ಟಾಗುವ ಅಪಾಯ ಸಣ್ಣದಾದರೂ ಇದೆ. ಅಂಡಾಶಯದ ಸಿಸ್ಟ್ ತೆಗೆದರೆ ಅಂಡಾಣುಗಳ ದಾಸ್ತಾನು ಕುಗ್ಗುತ್ತದೆ. ಆದ್ದರಿಂದ ಕತ್ತರಿ ಹಾಕುವ ಮುಂಚೆ ಆ ದಾಸ್ತಾನು ಅಂದಾಜಿಸುವ ಎಎಂಎಚ್ ರಕ್ತಪರೀಕ್ಷೆ ಮಾಡಿಸಿ, ಮಗುವಿನ ಯೋಚನೆಯನ್ನು ಶಸ್ತ್ರವೈದ್ಯರಿಗೆ ಬಿಡಿಸಿ ಹೇಳಿ.

ಮುಟ್ಟಿನ ನೋವಿಗೆ ಐಬುಪ್ರೊಫೆನ್ 400 ಮಿಲಿಗ್ರಾಂ, ಏನಾದರೂ ತಿಂದ ಮೇಲೆ, ಎಂಟು ಗಂಟೆಗೊಮ್ಮೆ, ನೋವು ಏರುವ ಮುಂಚೆಯೇ ಶುರುಮಾಡಿದರೆ ಹೆಚ್ಚು ಗುಣ. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ, ಇಂಥ ಮಾತ್ರೆಗೆ ಕೆರಳುವ ಆಸ್ತಮಾ ಇದ್ದವರಿಗೆ ಬೇಡ. ಗರ್ಭ ನಿಂತಿರಬಹುದೆಂಬ ಅನುಮಾನ ಇದ್ದರೂ ಬೇಡ.

ಮತ್ತೆ ಶುರುಮಾಡುವಾಗ

ಮುಟ್ಟು ಮುಗಿದ ನಂತರದ ವಾರ ನಿಮಗೆ ಹೆಚ್ಚು ಅನುಕೂಲ. ಆಳ, ವೇಗ ಎರಡೂ ನಿಮ್ಮ ಕೈಯಲ್ಲಿರುವ ಭಂಗಿ ಆರಿಸಿ: ನೀವು ಮೇಲೆ, ಅಥವಾ ಇಬ್ಬರೂ ಪಕ್ಕಕ್ಕೆ ಮಲಗಿ. ಆಳಕ್ಕೆ ಹೋಗದಂತೆ ತಡೆಯುವ ಮೆತ್ತನೆಯ ಉಂಗುರಗಳೂ ಸಿಗುತ್ತವೆ, ಗಂಡ ಧರಿಸುವಂಥವು. ಆಳದ ನೋವಿಗೆ ಒಳ್ಳೆಯ ಉಪಾಯ. ಲೂಬ್ರಿಕೆಂಟ್ ನೀರಿನದಾದರೆ ಪರಿಮಳ, 'ಬಿಸಿ ಮಾಡುವ' ಗುಣ ಇಲ್ಲದ್ದು, ಪಿಎಚ್ 4.5ರ ಆಸುಪಾಸಿನದು ಇರಲಿ. ಆಸ್ಮೊಲಾಲಿಟಿ (ದ್ರವದಲ್ಲಿ ಕರಗಿದ ವಸ್ತುಗಳ ಸಾಂದ್ರತೆ) 1200 ಮೀರಬಾರದು, 380ಕ್ಕಿಂತ ಕಡಿಮೆ ಇದ್ದರೆ ಉತ್ತಮ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದು ಹೆಚ್ಚಾದಷ್ಟೂ ಚರ್ಮದ ನೀರು ಹೀರಿ ಉರಿ ತರುತ್ತದೆ. ಸಿಲಿಕೋನಿನದು ಹೆಚ್ಚು ಹೊತ್ತು ಉಳಿಯುತ್ತದೆ, ಕಾಂಡೋಮಿಗೆ ಹಾನಿಯಿಲ್ಲ, ಸಿಲಿಕೋನ್ ಡೈಲೇಟರ್ ಜೊತೆ ಮಾತ್ರ ಬೇಡ. ಮಗುವಿಗೆ ಪ್ರಯತ್ನಿಸುವಾಗ ಮಾಮೂಲಿ ಲೂಬ್ರಿಕೆಂಟ್, ಎಂಜಲು ವೀರ್ಯಾಣುವಿನ ಚಲನೆ ಕುಗ್ಗಿಸುತ್ತವೆ. ಗರ್ಭಧಾರಣೆಗೆ ಹೊಂದುವಂಥದ್ದು ಎಂದು ಲೇಬಲ್ ಇರುವುದನ್ನು ತನ್ನಿ.

ಅಷ್ಟರಲ್ಲಿ ಉರಿ ಪೂರ್ತಿ ಹೋಗಿರದಿದ್ದರೆ? ಮಗುವಿಗಾಗಿ ನೋವು ತಿನ್ನಬೇಕಿಲ್ಲ. ಶುದ್ಧವಾದ ಪಾತ್ರೆಯಲ್ಲಿ ಸಂಗ್ರಹಿಸಿದ ವೀರ್ಯವನ್ನು ಸೂಜಿಯಿಲ್ಲದ ಸಣ್ಣ ಸಿರಿಂಜಿನಿಂದ ಯೋನಿಯೊಳಗೆ ಬಿಟ್ಟುಕೊಳ್ಳುವುದು ಮನೆಯಲ್ಲೇ ಆಗುತ್ತದೆ. ಆಸ್ಪತ್ರೆಯಲ್ಲಿ ಐಯುಐ (ವೀರ್ಯವನ್ನು ನೇರ ಗರ್ಭಕೋಶದೊಳಗೆ ಬಿಡುವುದು) ಇದೆ. ಎಂಡೊಮೆಟ್ರಿಯೋಸಿಸ್ ಎಂದು ಗೊತ್ತಾದವರು ವರ್ಷಪೂರ್ತಿ ಕಾಯದೆ, ಆರು ತಿಂಗಳ ಪ್ರಯತ್ನದ ಬಳಿಕವೇ ಬಂಜೆತನ ತಜ್ಞರನ್ನು ಕಾಣುವುದು ಲೇಸು.

ಗಂಡನಿಗೆ ಹೇಳಬೇಕಾದದ್ದು ಒಂದಿದೆ. ಹೆಂಡತಿಯ ಮೈ ಬಿಗಿಯಾಗುವುದು ನಿರಾಕರಣೆಯಲ್ಲ, 'ಇವತ್ತಾದರೂ ಆಗುತ್ತದಾ' ಎಂಬ ಪ್ರಶ್ನೆಯೇ ಬಿಗಿತವನ್ನು ಕರೆಯುತ್ತದೆ. ಒಂದು ಭೇಟಿಗಾದರೂ ಅವರು ಜೊತೆಗೆ ಬರಲಿ.

ಇದೇ ತೊಂದರೆ ಇರುವ ಬೇರೆಯವರಿಗೆ

ಎದೆಹಾಲುಣಿಸುವವರಲ್ಲಿ, ಮುಟ್ಟು ನಿಂತವರಲ್ಲಿ ಈಸ್ಟ್ರೊಜೆನ್ ಕಡಿಮೆಯಾಗಿ ಯೋನಿಯ ಪದರ ತೆಳುವಾಗುತ್ತದೆ. ಪಿಎಚ್ 5 ದಾಟುತ್ತದೆ. ವಾರಕ್ಕೆ ಎರಡು ಮೂರು ಸಲ ಮಾಯಿಶ್ಚರೈಸರ್, ಸಂಪರ್ಕಕ್ಕೆ ಲೂಬ್ರಿಕೆಂಟ್ ಬಳಸಿಯೂ ಸಾಲದಿದ್ದರೆ, ಮುಟ್ಟು ನಿಂತವರಿಗೆ ಯೋನಿಯೊಳಗಿನ ಈಸ್ಟ್ರಡಯಾಲ್ 10 ಮೈಕ್ರೊಗ್ರಾಂ ಮಾತ್ರೆ: ಎರಡು ವಾರ ದಿನವೂ, ನಂತರ ವಾರಕ್ಕೆರಡು. ಪರಿಣಾಮಕ್ಕೆ ಎರಡು ಮೂರು ತಿಂಗಳು ಕೊಡಿ. ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಸ್ತನ ಕ್ಯಾನ್ಸರ್ ಆಗಿದ್ದವರು ಮಾತ್ರ ಕ್ಯಾನ್ಸರ್ ವೈದ್ಯರನ್ನು ಕೇಳದೆ ಬಳಸಬಾರದು. ಎದೆಹಾಲುಣಿಸುವವರು ತಮ್ಮ ವೈದ್ಯರೊಡನೆ ಮಾತಾಡಿ ನಿರ್ಧರಿಸಲಿ. ಲೇಸರ್‌ನಿಂದ ಯೋನಿ 'ಯೌವನ ಪಡೆಯುತ್ತದೆ' ಎಂಬ ಜಾಹೀರಾತುಗಳ ವಿರುದ್ಧ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲೇ ಎಚ್ಚರಿಸಿದೆ. ಸುಟ್ಟ ಗಾಯ, ಕಲೆ, ತಿಂಗಳುಗಟ್ಟಲೆ ನೋವು ಆದದ್ದುಂಟು.

ಕೆಲವು ಲಕ್ಷಣಗಳಿದ್ದರೆ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ. ಮುಟ್ಟು ತಪ್ಪಿ ಹೊಟ್ಟೆಯ ತಳದಲ್ಲಿ ನೋವು, ತಲೆಸುತ್ತು ಬಂದರೆ, ಇದ್ದಕ್ಕಿದ್ದಂತೆ ಒಂದು ಪಕ್ಕ ತಡೆಯಲಾರದ ನೋವು ಮತ್ತು ವಾಂತಿ ಬಂದರೆ, ಜ್ವರದ ಜೊತೆ ವಾಸನೆಯ ಸ್ರಾವ ಇದ್ದರೆ ಅದೇ ದಿನ ಆಸ್ಪತ್ರೆಗೆ. ಸಂಪರ್ಕದ ನಂತರ ರಕ್ತ, ಮುಟ್ಟು ನಿಂತ ಮೇಲೆ ರಕ್ತ, ಮೂತ್ರದಲ್ಲಿ ರಕ್ತ, ವಾಸಿಯಾಗದ ಹುಣ್ಣು ಅಥವಾ ಬಿಳಿ ಮಚ್ಚೆ ಇದ್ದರೆ ಆ ವಾರದಲ್ಲೇ. ನೀವು ಇದುವರೆಗೆ ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಮಾಡಿಸಿರದಿದ್ದರೆ, ಸ್ಪೆಕ್ಯುಲಮ್ ನೋವಿಲ್ಲದೆ ಹೋಗುವ ಹಾಗಾದ ಭೇಟಿಯಲ್ಲೇ ಅದನ್ನೂ ಮುಗಿಸಿಕೊಳ್ಳಿ.